ಕಹಿ ಆಮೇಲೆ, ಮೊದಲು ಟೋಫು

ಗೋಯಾ ಚಂಪುರು ಮಾಡ್ತೀನಿ ಅಂದ ಕೂಡಲೇ ಗೆಳತಿಯರು ಕೇಳುವ ಪ್ರಶ್ನೆ ಯಾವಾಗಲೂ ಒಂದೇ. ಕಹಿ ಹೇಗೆ ತೆಗೀತೀಯಾ? ಉಪ್ಪು ಎಷ್ಟು ಹೊತ್ತು ಹಚ್ಚಿಡಬೇಕು, ಬಿಸಿನೀರಲ್ಲಿ ಅದ್ದಿ ತೆಗೀಬೇಕಾ, ಒಳಗಿನ ಬಿಳಿ ತಿರುಳನ್ನು ಎಷ್ಟು ಕೆರೆಯಬೇಕು, ಹೀಗೆ. ನಾನು ಟೋಕಿಯೋದ ನಿಶಿಕಸಾಯಿಯಲ್ಲಿರುವ ನಮ್ಮ ಪುಟ್ಟ ಅಡುಗೆಮನೆಯಲ್ಲಿ ಬೇಸಿಗೆ ಪೂರ್ತಿ ಇದನ್ನು ಮಾಡುತ್ತಿರುತ್ತೇನೆ. ನನಗೆ ಅಷ್ಟು ಇಷ್ಟ. ಅದಕ್ಕೇ ಸ್ವಲ್ಪ ಗಟ್ಟಿ ದನಿಯಲ್ಲೇ ಹೇಳುತ್ತೇನೆ. ಈ ಅಡುಗೆಯಲ್ಲಿ ಹಾಗಲಕಾಯಿಯ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ನಿಗಾ ಕೊಡಬೇಕಾದ್ದು ಟೋಫುಗೆ, ಅಂದ್ರೆ ಸೋಯಾ ಹಾಲು ಒಡೆಸಿ ಮಾಡಿದ ಗಡ್ಡೆಗೆ. ಟೋಫು ಸರಿಯಾಗಿ ಬಂದರೆ ಕಹಿ ತಾನಾಗಿಯೇ ತನ್ನ ಜಾಗದಲ್ಲಿ ಕೂರುತ್ತದೆ, ಟೋಫು ನೀರು ಬಿಟ್ಟರೆ ಎಷ್ಟು ಉಪ್ಪು ಹಚ್ಚಿ ಹಿಂಡಿದರೂ ಬಾಣಲೆಯಲ್ಲಿ ಸಿಗುವುದು ಸಪ್ಪೆ ಮುದ್ದೆಯೇ.

ತಿಳಿಯದವರಿಗೆ ಎರಡು ಮಾತು. ಗೋಯಾ ಅಂದ್ರೆ ನಮ್ಮ ಹಾಗಲಕಾಯಿಯೇ. ಚಂಪುರು ಅಂದ್ರೆ ತರಕಾರಿ, ಟೋಫು ಎಲ್ಲ ಹಾಕಿ ದೊಡ್ಡ ಉರಿಯಲ್ಲಿ ಬಾಡಿಸಿದ ಅಡುಗೆ. ಇದು ಒಕಿನಾವಾದ್ದು. ಒಕಿನಾವಾ ಜಪಾನಿನ ದಕ್ಷಿಣದ ತುದಿಯಲ್ಲಿರುವ ದ್ವೀಪಗಳ ಸಾಲು, ಟೋಕಿಯೋದಿಂದ ಸುಮಾರು 1,500 ಕಿಲೋಮೀಟರ್ ದೂರ. ಟೋಕಿಯೋಗಿಂತ ತೈವಾನೇ ಅದಕ್ಕೆ ಹತ್ತಿರ. 1879ರಲ್ಲಿ ಜಪಾನ್ ಅದನ್ನು ತನ್ನೊಳಗೆ ಸೇರಿಸಿಕೊಳ್ಳುವವರೆಗೆ ಅಲ್ಲಿ ರ್ಯೂಕ್ಯೂ ಅನ್ನುವ ಬೇರೆ ರಾಜ್ಯವೇ ಇತ್ತು. ಭಾಷೆ ಬೇರೆ, ಊಟ ಬೇರೆ. ಅಲ್ಲಿನ ಬೇಸಿಗೆಯ ಬಿಸಿಲಿಗೆ ಸೊಪ್ಪುಗಳು ನಿಲ್ಲುವುದಿಲ್ಲ, ಮೇಲಿಂದ ಚಂಡಮಾರುತ ಬೇರೆ. ಹಾಗಾಗಿ ಬಳ್ಳಿ ತರಕಾರಿಗಳದ್ದೇ ರಾಜ್ಯ. ಹಾಗಲ, ಬೂದುಗುಂಬಳ, ತುಪ್ಪದ ಹೀರೆ, ಜೊತೆಗೆ ಪರಂಗಿಕಾಯಿ. ತುಪ್ಪದ ಹೀರೆಕಾಯಿಯನ್ನು ಟೋಕಿಯೋ ಕಡೆ ಮೈ ಉಜ್ಜುವ ನಾರಿಗಾಗಿ ಮಾತ್ರ ಗೊತ್ತು, ಒಕಿನಾವಾದಲ್ಲಿ ಅದನ್ನು ಮಿಸೊ, ಅಂದ್ರೆ ಹುದುಗಿಸಿದ ಸೋಯಾ ಮುದ್ದೆ ಹಾಕಿ ಬೇಯಿಸಿ ಅನ್ನದ ಜೊತೆ ಉಣ್ಣುತ್ತಾರೆ. ಮೈಸೂರು ಕಡೆಯಿಂದ ಬಂದ ನನಗೆ ಒಕಿನಾವಾದ ರಾಜಧಾನಿ ನಾಹಾದ ತರಕಾರಿ ಅಂಗಡಿ ಮುಂದೆ ನಿಂತಾಗ ಒಂದು ತರಕಾರಿಯೂ ಹೊಸದು ಅನ್ನಿಸಲಿಲ್ಲ. ಟೋಕಿಯೋದಲ್ಲಿ ಹೀಗೆ ಯಾವತ್ತೂ ಆಗಿರಲಿಲ್ಲ.

ನನಗೆ ಈ ಅಡುಗೆ ತೋರಿಸಿಕೊಟ್ಟವರು ನಾಹಾದಲ್ಲಿ ನಾವು ಉಳಿದುಕೊಂಡಿದ್ದ ಮನೆಯ ಯಜಮಾನಿ. ಅಲ್ಲಿ ವಯಸ್ಸಾದ ಹೆಂಗಸರನ್ನು ಎಲ್ಲರೂ ಓಬಾ ಅಂತ ಕರೆಯುತ್ತಾರೆ, ನಮ್ಮಲ್ಲಿ ಅಜ್ಜಿ ಅಂದ ಹಾಗೆ. ನಾನು ಮಾಂಸ, ಮೀನು ತಿನ್ನಲ್ಲ, ಮೊಟ್ಟೆ ತಿಂತೀನಿ ಅಂದಾಗ ಅವರು ಸ್ವಲ್ಪ ಹೊತ್ತು ಯೋಚಿಸಿ, ಸರಿ, ಟೋಫು ಜಾಸ್ತಿ ಹಾಕೋಣ ಅಂದರು. ಅಷ್ಟೇ. ಮತ್ತೇನೂ ಬದಲಾಯಿಸಲಿಲ್ಲ. ಆಮೇಲೆ ಅವರು ಟೋಫು ಕೈಗೆತ್ತಿಕೊಂಡ ರೀತಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಚಾಕು ಮುಟ್ಟಲಿಲ್ಲ. ಇಟ್ಟಿಗೆಯಷ್ಟು ದಪ್ಪದ ಗಡ್ಡೆಯನ್ನು ಎರಡೂ ಹೆಬ್ಬೆರಳಿಂದ ಒತ್ತಿ ಮುರಿದು, ನಿಂಬೆಹಣ್ಣಿನ ಗಾತ್ರದ ತುಂಡು ಮಾಡಿ ನೇರವಾಗಿ ಕಾದ ಎಣ್ಣೆಗೆ ಬಿಟ್ಟರು. ಮುರಿದ ಕಡೆ ಮೈಯೆಲ್ಲ ಉಬ್ಬುತಗ್ಗು, ಸಣ್ಣ ಸಣ್ಣ ಚೂಪು. ಆ ಚೂಪುಗಳೇ ಮೊದಲು ಕೆಂಪಗಾದವು. ನಾನು ಸೌಟು ಹಿಡಿದು ತಿರುವಲು ಹೋದಾಗ ಕೈ ಅಡ್ಡ ಹಿಡಿದು, ಮುಟ್ಟಬೇಡಮ್ಮ, ಅದು ತಾನಾಗಿ ಬಾಣಲೆ ಬಿಡುತ್ತೆ ಅಂದರು. ನಿಜ. ಅಡಿ ಕೆಂಪಗಾದ ಮೇಲೆ ಬಾಣಲೆ ಅಲ್ಲಾಡಿಸಿದರೆ ಸಾಕು, ತುಂಡುಗಳು ತಾವೇ ಜಾರುತ್ತವೆ. ಅದಕ್ಕೂ ಮುಂಚೆ ಕೆದಕಿದರೆ ತೊಗಟೆ ಬಾಣಲೆಗೇ ಅಂಟಿಕೊಂಡು ಬರೀ ಒಳಗಿನ ಮೆತ್ತನೆ ಭಾಗ ಕೈಗೆ ಬರುತ್ತದೆ.

ಆ ಟೋಫು ಟೋಕಿಯೋದ ಟೋಫು ಥರ ಇರಲಿಲ್ಲ. ಅದಕ್ಕೆ ಶಿಮಾ ದೋಫು, ಅಂದ್ರೆ ದ್ವೀಪದ ಟೋಫು ಅನ್ನುತ್ತಾರೆ. ಬೇರೆ ಕಡೆ ನೆನೆಸಿದ ಸೋಯಾ ಕಾಳನ್ನು ರುಬ್ಬಿ, ಆ ಹಿಟ್ಟನ್ನು ಕುದಿಸಿ, ಆಮೇಲೆ ಸೋಸಿ ಹಾಲು ತೆಗೆಯುತ್ತಾರೆ. ಒಕಿನಾವಾದ ಹಳೇ ಪದ್ಧತಿಯಲ್ಲಿ ಹಸಿ ಹಿಟ್ಟನ್ನೇ ಮೊದಲು ಹಿಂಡಿ ಸೋಸುತ್ತಾರೆ, ಕುದಿಸುವುದು ಆಮೇಲೆ. ಉಪ್ಪು ಒಳಗೇ ಇರುತ್ತದೆ. ಹೆಪ್ಪು ಒಡೆದ ಮೇಲೆ ಚೆನ್ನಾಗಿ ಭಾರ ಹೇರಿ ನೀರು ಇಳಿಸುತ್ತಾರೆ. ಹಾಗಾಗಿ ಗಟ್ಟಿ, ಸ್ವಲ್ಪ ಉಪ್ಪುಪ್ಪು, ಕಾಳಿನ ವಾಸನೆ ಎದ್ದು ಕಾಣುತ್ತದೆ. ಜಪಾನ್ ಸರ್ಕಾರದ ಆಹಾರ ಪಟ್ಟಿಯಲ್ಲೂ ಈ ವ್ಯತ್ಯಾಸ ಸಿಗುತ್ತದೆ. 100 ಗ್ರಾಂ ಮಾಮೂಲಿ ಗಟ್ಟಿ ಟೋಫುವಿನಲ್ಲಿ ಸುಮಾರು 7 ಗ್ರಾಂ ಪ್ರೋಟೀನ್, ಒಕಿನಾವಾದ್ದರಲ್ಲಿ 9 ಗ್ರಾಂ. ನೀರು ಕಮ್ಮಿ, ಕಾಳು ಜಾಸ್ತಿ, ಅಷ್ಟೇ ಲೆಕ್ಕ.

ಇದನ್ನು ಬಿಸಿಬಿಸಿಯಾಗಿ ಮಾರುತ್ತಾರೆ ಅನ್ನುವುದು ನನಗೆ ಅತಿ ಇಷ್ಟವಾದ ವಿಷಯ. ಸೂಪರ್‌ಮಾರ್ಕೆಟ್ಟಿನಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಹಬೆ ಕಟ್ಟಿಕೊಂಡು ಕೂತಿರುತ್ತದೆ, ಮುಟ್ಟಿದರೆ ಕೈ ಸುಡುತ್ತದೆ. ಯಾವ ಅಂಗಡಿಯ ಟೋಫು ಎಷ್ಟು ಗಂಟೆಗೆ ಬರುತ್ತದೆ ಅಂತ ಊರವರಿಗೆ ಗೊತ್ತು, ಆ ಹೊತ್ತಿಗೇ ಬರುತ್ತಾರೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಒಕಿನಾವಾ 27 ವರ್ಷ ಅಮೆರಿಕದ ಕೈಯಲ್ಲಿತ್ತು. 1972ರ ಮೇ 15ಕ್ಕೆ ಮತ್ತೆ ಜಪಾನಿಗೆ ಸೇರಿತು. ಆಗ ಜಪಾನಿನ ಆಹಾರ ಕಾನೂನೂ ಬಂತು. ಟೋಫುವನ್ನು ತಣ್ಣೀರಲ್ಲಿ ಮುಳುಗಿಸಿಯೇ ಇಡಬೇಕು ಅನ್ನುವುದು ಆ ನಿಯಮ. ನೀರಲ್ಲಿಟ್ಟ ಶಿಮಾ ದೋಫು ಶಿಮಾ ದೋಫುವಾಗಿ ಉಳಿಯುವುದಿಲ್ಲ, ಉಪ್ಪು, ಬಿಸಿ ಎರಡೂ ಹೋಗುತ್ತದೆ. ಅಲ್ಲಿನ ಟೋಫು ಮಾಡುವವರು ಪಟ್ಟು ಹಿಡಿದು ಕೂತರು, 1974ರಲ್ಲಿ ಒಕಿನಾವಾಕ್ಕೆ ವಿನಾಯಿತಿ ಸಿಕ್ಕಿತು. ಒಂದು ಊರಿನ ಜನ ಟೋಫು ಬಿಸಿಯಾಗಿಯೇ ಇರಬೇಕು ಅಂತ ಸರ್ಕಾರದ ಜೊತೆ ವಾದಕ್ಕೆ ನಿಂತರಲ್ಲ, ಅದು ನನಗೆ ತುಂಬಾ ದೊಡ್ಡ ವಿಷಯ. 2021ರಲ್ಲಿ ನೈರ್ಮಲ್ಯದ ಹೊಸ ನಿಯಮ ಬಂದು ಮತ್ತೆ ಕಷ್ಟವಾಗಿದೆ. ಈಗ ಬಿಸಿ 55 ಡಿಗ್ರಿಗಿಂತ ಇಳಿದರೆ 3 ಗಂಟೆಯೊಳಗೆ ಅದನ್ನು ತಿಂದು ಮುಗಿಸಬೇಕು, ಇಲ್ಲವೇ ಫ್ರಿಜ್‌ಗೆ ಸೇರಿಸಬೇಕು. ಸಣ್ಣ ಅಂಗಡಿಗಳಿಗೆ ಇದು ಸುಲಭವಲ್ಲ. ಉಳಿಯಲಿ ಅನ್ನುವುದು ನನ್ನ ಆಸೆ.

ಟೋಕಿಯೋದಲ್ಲಿ ಬಿಸಿ ಟೋಫು ಎಲ್ಲಿಂದ ತರುವುದು? ಇಲ್ಲಿ ಸಿಗುವುದು ಎರಡು ಬಗೆ. ಒಂದು ಕಿನು, ರೇಷ್ಮೆ ಥರ ನುಣುಪು. ಇದಕ್ಕೆ ಅದು ಬೇಡವೇ ಬೇಡ. ಇನ್ನೊಂದು ಮೊಮೆನ್, ಬಟ್ಟೆಯಲ್ಲಿ ಒತ್ತಿ ಮಾಡಿದ್ದು. ಮೊಮೆನ್ ತಂದು ಅದರ ನೀರು ಇಳಿಸಬೇಕು. ನಾನು ತೆಳು ಟವೆಲ್ಲಿನಲ್ಲಿ ಸುತ್ತಿ, ಎರಡು ತಟ್ಟೆಗಳ ನಡುವೆ ಇಟ್ಟು, ಮೇಲೆ ನೀರು ತುಂಬಿದ ಪಾತ್ರೆ ಇಡುತ್ತೇನೆ. ಅರ್ಧ ಗಂಟೆ ಸಾಕು ಅಂತ ಪ್ಯಾಕೆಟ್ ಹಿಂದೆ ಬರೆದಿರುತ್ತದೆ. ನಾನು ಒಂದು ಗಂಟೆ ಬಿಡುತ್ತೇನೆ. ಹಿಡಿ ಎತ್ತರದ ಗಡ್ಡೆ ಮುಕ್ಕಾಲಾಗಬೇಕು, ಬೆರಳಿಂದ ಒತ್ತಿದರೆ ಕುಸಿಯದೆ ಎದುರು ಒತ್ತಬೇಕು. ಆಮೇಲೆ ಎರಡು ಚಿಟಿಕೆ ಉಪ್ಪು ಸವರುತ್ತೇನೆ, ಶಿಮಾ ದೋಫುವಿನ ಒಳಗಿರುವ ಉಪ್ಪು ಇದರಲ್ಲಿ ಇಲ್ಲವಲ್ಲ. ಅವಸರವಿದ್ದರೆ ಮೈಕ್ರೋವೇವ್‌ನಲ್ಲಿ 3 ನಿಮಿಷ ಇಟ್ಟೂ ನೀರು ತೆಗೆಯಬಹುದು, ಆದರೆ ಹಾಗೆ ಮಾಡಿದಾಗ ಒಳಗೆ ಒಂಥರಾ ರಬ್ಬರ್ ಗುಣ ಬರುತ್ತದೆ, ನನಗೆ ಹಿಡಿಸಲ್ಲ.

ಇನ್ನು ಹಾಗಲಕಾಯಿ. ಒಕಿನಾವಾದ ಗೋಯಾ ನಮ್ಮ ಊರಿನ ಹಾಗಲಕ್ಕಿಂತ ದಪ್ಪ, ಮೈಮೇಲಿನ ಗುಳ್ಳೆಗಳು ಚೂಪಾಗಿರದೆ ದುಂಡಗಿರುತ್ತವೆ. ತಿರುಳು ದಪ್ಪ, ನೀರು ಜಾಸ್ತಿ. ಉದ್ದಕ್ಕೆ ಎರಡು ಹೋಳು ಮಾಡಿ, ಚಮಚದಿಂದ ಬೀಜ ಮತ್ತು ಹತ್ತಿಯಂಥ ಭಾಗವನ್ನು ಒಂದೇ ಎಳೆತಕ್ಕೆ ತೆಗೆದು, ಬೋರಲು ಹಾಕಿ ಅಡ್ಡಕ್ಕೆ ಹೆಚ್ಚಬೇಕು. ಐದು ಮಿಲಿಮೀಟರ್ ದಪ್ಪ ನನಗೆ ಸರಿ. ಪೂರ್ತಿ ತೆಳ್ಳಗೆ ಹೆಚ್ಚಿದರೆ ಬೇಗ ಮೆತ್ತಗಾಗುತ್ತದೆ, ಬಾಯಲ್ಲಿ ಕಚ್ಚುವುದಕ್ಕೆ ಏನೂ ಸಿಗುವುದಿಲ್ಲ. ಅರ್ಧ ಟೀ ಚಮಚ ಉಪ್ಪು ಹಾಕಿ ಕೈಯಾಡಿಸಿ ಹತ್ತು ನಿಮಿಷ ಬಿಡುತ್ತೇನೆ, ಬಿಟ್ಟ ನೀರನ್ನು ಚೆಲ್ಲುತ್ತೇನೆ. ಹಿಂಡುವುದಿಲ್ಲ.

ಇದನ್ನು ವಿಡಿಯೋ ಕಾಲ್‌ನಲ್ಲಿ ನೋಡಿದ ಅಮ್ಮನಿಗೆ ಸಮಾಧಾನವೇ ಇಲ್ಲ.

“ಹಿಂಡಲ್ವೇನೇ? ಕಹಿ ಹಂಗೇ ಇರುತ್ತಲ್ಲೇ!”

“ಇರಲಿ ಅಮ್ಮ, ಅದು ಇರಬೇಕು.”

“ಹುಣಸೆಹಣ್ಣೂ ಇಲ್ಲ, ಬೆಲ್ಲಾನೂ ಇಲ್ಲ. ಮಕ್ಕಳು ಹೆಂಗೆ ತಿನ್ನುತ್ವೆ?”

ಅಮ್ಮನ ಪ್ರಶ್ನೆ ಸರಿಯಾದದ್ದೇ. ನಮ್ಮ ಹಾಗಲಕಾಯಿ ಗೊಜ್ಜು ಇರಲಿ, ಉಡುಪಿ ಕಡೆಯ ಮೆಣಸ್ಕಾಯಿ ಇರಲಿ, ಕಹಿಗೆ ಹುಳಿ, ಸಿಹಿ, ಖಾರ ಮೂರನ್ನೂ ಎದುರು ನಿಲ್ಲಿಸಿ ಒಂದು ಹದಕ್ಕೆ ತರುವ ಅಡುಗೆ. ಅದು ದೊಡ್ಡ ವಿದ್ಯೆ, ಅಮ್ಮನ ಗೊಜ್ಜಿನ ಮುಂದೆ ನಾನು ಬೇರೇನೂ ಕೇಳುವುದಿಲ್ಲ. ಚಂಪುರು ಆ ದಾರಿಯಲ್ಲಿ ಹೋಗುವುದಿಲ್ಲ. ಕಹಿಯನ್ನು ಹಾಗೇ ಬಿಟ್ಟು, ಅದರ ಪಕ್ಕದಲ್ಲಿ ಟೋಫು, ಮೊಟ್ಟೆ ಅಂತ ಮೆತ್ತಗಿನ, ಉಪ್ಪಿನ, ಜಿಡ್ಡಿನ ಪದಾರ್ಥಗಳನ್ನು ಇಡುತ್ತದೆ. ಒಂದು ತುತ್ತಿನಲ್ಲಿ ಕಹಿ ಬರುತ್ತದೆ, ಮುಂದಿನ ತುತ್ತಿನಲ್ಲಿ ಟೋಫು ಬಂದು ನಾಲಿಗೆಯನ್ನು ತಣಿಸುತ್ತದೆ, ಆಮೇಲೆ ಮತ್ತೆ ಕಹಿ ಬೇಕು ಅನ್ನಿಸುತ್ತದೆ. ಟೋಫು ದೊಡ್ಡ ತುಂಡಾಗಿ ಇರಬೇಕು ಅನ್ನುವುದು ಇದಕ್ಕೇ. ಪುಡಿಯಾಗಿ ಎಲ್ಲದರ ಜೊತೆ ಕಲೆತುಹೋದರೆ ಈ ಒಂದಾದ ಮೇಲೊಂದು ಬರುವ ಆಟವೇ ಇಲ್ಲ, ಪ್ರತಿ ತುತ್ತೂ ಒಂದೇ ಥರ ಅರೆ ಕಹಿ. ಒಕಿನಾವಾದ ಹಿರಿಯರು ಟೋಫು ಇಲ್ಲದ್ದನ್ನು ಚಂಪುರು ಅಂತಲೇ ಒಪ್ಪುವುದಿಲ್ಲ, ಹಾಗಲ ಇಲ್ಲದೆ ಬೇರೆ ತರಕಾರಿ ಹಾಕಿದ್ದನ್ನು ಒಪ್ಪುತ್ತಾರೆ. ಎಲೆಕೋಸಿನ ಚಂಪುರು ಇದೆ, ಮೊಳಕೆ ಕಾಳಿನ ಚಂಪುರು ಇದೆ.

ಹಿಂಡದೇ ಇರುವುದಕ್ಕೆ ಇನ್ನೊಂದು ಲಾಭವೂ ಇದೆ. ಅದೇ ಸರ್ಕಾರಿ ಪಟ್ಟಿಯ ಪ್ರಕಾರ 100 ಗ್ರಾಂ ಹಸಿ ಗೋಯಾದಲ್ಲಿ 76 ಮಿಲಿಗ್ರಾಂ ವಿಟಮಿನ್ ಸಿ ಇದೆ, ಎಣ್ಣೆಯಲ್ಲಿ ಬಾಡಿಸಿದ ಮೇಲೂ 75 ಉಳಿಯುತ್ತದೆ. ನೀರಲ್ಲಿ ನೆನೆಸಿ, ಹಿಂಡಿ, ಕುದಿಸಿ ಎಸೆಯುವವರು ಇದನ್ನೂ ಸ್ವಲ್ಪ ನೆನಪಿಟ್ಟುಕೊಳ್ಳಬೇಕು.

ಈಗ ಟೋಕಿಯೋದ ಯಾವ ಅಂಗಡಿಗೆ ಹೋದರೂ ಬೇಸಿಗೆಯಲ್ಲಿ ಒಕಿನಾವಾದ ಗೋಯಾ ಸಿಗುತ್ತದೆ. ನಾನು ಇದನ್ನು ತುಂಬಾ ದಿನ ಸಹಜ ಅಂದುಕೊಂಡಿದ್ದೆ. ಆದರೆ 1990ರ ತನಕ ಒಕಿನಾವಾದ ಮುಖ್ಯ ದ್ವೀಪದಿಂದ ಹಾಗಲಕಾಯಿಯನ್ನು ಹಾಗೇ ಹೊರಗೆ ಕಳಿಸುವಂತೆಯೇ ಇರಲಿಲ್ಲ. ಕಾರಣ ಒಂದು ನೊಣ. ಹಾಗಲ ಬೆಳೆದ ನಮ್ಮ ರೈತರಿಗೆಲ್ಲ ಅದು ಗೊತ್ತು. ಕಾಯಿಗೆ ಚುಚ್ಚಿ ಮೊಟ್ಟೆ ಇಡುತ್ತದೆ, ಒಳಗೆ ಹುಳು ಬಿದ್ದು ಕಾಯಿ ಕೊಳೆಯುತ್ತದೆ. ಅದೇ ಹಣ್ಣುನೊಣ. ಒಕಿನಾವಾದಿಂದ ಅದು ಜಪಾನಿನ ಬೇರೆ ಕಡೆ ಹರಡಬಾರದು ಅಂತ ಸೌತೆ, ಹಾಗಲ, ಕಲ್ಲಂಗಡಿ ಜಾತಿಯ ಕಾಯಿಗಳ ಸಾಗಾಟಕ್ಕೆ ತಡೆ ಇತ್ತು.

ಅದನ್ನು ಹೋಗಲಾಡಿಸಿದ ಕಥೆ ಓದಿದರೆ ಮೈ ಜುಮ್ಮೆನ್ನುತ್ತದೆ. ನೊಣವನ್ನು ಕಾರ್ಖಾನೆಯಲ್ಲಿ ಬೆಳೆಸಿದರು. ಗೂಡಿನ ಹಂತದಲ್ಲಿ ಕೋಬಾಲ್ಟ್‌ನಿಂದ ಬರುವ ಗಾಮಾ ಕಿರಣ ಹಾಯಿಸಿ ಸಂತಾನಶಕ್ತಿ ಇಲ್ಲದಂತೆ ಮಾಡಿದರು. ಆಮೇಲೆ ಅವನ್ನು ಹೆಲಿಕಾಪ್ಟರಿನಿಂದ ದ್ವೀಪದ ಮೇಲೆ ಬಿಟ್ಟರು. ಹೊಲದ ಹೆಣ್ಣು ನೊಣ ಇಂಥ ಗಂಡಿನ ಜೊತೆ ಕೂಡಿದರೆ ಅದರ ಮೊಟ್ಟೆ ಒಡೆಯುವುದೇ ಇಲ್ಲ. ವಾರ ವಾರ ಬಿಡುತ್ತಾ ಹೋದರೆ ತಲೆಮಾರು ತಲೆಮಾರಿಗೆ ನೊಣ ಕಮ್ಮಿಯಾಗುತ್ತದೆ. ಮೊದಲು ಕುಮೆ ಅನ್ನುವ ಸಣ್ಣ ದ್ವೀಪದಲ್ಲಿ 1978ಕ್ಕೆ ನೊಣ ಇಲ್ಲ ಅಂತಾಯಿತು. 1987ಕ್ಕೆ ಮಿಯಾಕೊ, 1990ಕ್ಕೆ ಮುಖ್ಯ ದ್ವೀಪ, 1993ಕ್ಕೆ ತೈವಾನ್ ಪಕ್ಕದ ಯಾಎಯಾಮಾ. ಎರಡು ದಶಕ, ಒಟ್ಟು 5,000 ಕೋಟಿಗೂ ಹೆಚ್ಚು ನೊಣ. ಒಂದು ಹನಿ ಕೀಟನಾಶಕ ಚೆಲ್ಲಿ ಕೈ ತೊಳೆದುಕೊಳ್ಳುವ ಬದಲು, ಆ ನೊಣದ ಬದುಕನ್ನೇ ಅಷ್ಟು ತಾಳ್ಮೆಯಿಂದ ಓದಿ ಮಾಡಿದ ಕೆಲಸ ಇದು. ಹೊರಗಿನಿಂದ ಮತ್ತೆ ಬರಬಹುದು ಅಂತ ಇವತ್ತಿಗೂ ಕಾವಲಿಗೆ ಬಿಡುತ್ತಲೇ ಇದ್ದಾರೆ. 2024ರಲ್ಲಿ ಅದರ ಹತ್ತಿರದ ಇನ್ನೊಂದು ಜಾತಿಯ ನೊಣ ಮುಖ್ಯ ದ್ವೀಪದಲ್ಲಿ ಕಾಣಿಸಿಕೊಂಡು ಮತ್ತೆ ಕೆಲಸ ಶುರುವಾಗಿದೆ. ನಾನು ಗೋಯಾ ಕೈಗೆತ್ತಿಕೊಂಡಾಗಲೆಲ್ಲ ಒಮ್ಮೆ ತಿರುಗಿಸಿ, ಚುಚ್ಚಿದ ಗುರುತು ಇಲ್ಲದ ಆ ಮೈಯನ್ನು ನೋಡುತ್ತೇನೆ.

ಮಾಂಸದ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಮಾಮೂಲಿ ಚಂಪುರುವಿನಲ್ಲಿ ಹಂದಿಮಾಂಸ ಇರುತ್ತದೆ. ಎಷ್ಟೋ ಮನೆಗಳಲ್ಲಿ ಡಬ್ಬಿಯ ಹಂದಿಮಾಂಸ, ಅಮೆರಿಕದ ಸೈನ್ಯದ ಜೊತೆ ಬಂದು ಉಳಿದದ್ದು. 1945ರ ಯುದ್ಧದಲ್ಲಿ ಒಕಿನಾವಾದ ಜನ ಮಾತ್ರವಲ್ಲ, ಸಾಕಿದ ಹಂದಿಗಳೂ ನಾಶವಾಗಿದ್ದವು. ಅದನ್ನು ಕೇಳಿದ ಹವಾಯಿಯ ಒಕಿನಾವಾ ವಲಸಿಗರು ದುಡ್ಡು ಕೂಡಿಸಿ, 1948ರಲ್ಲಿ ಹಡಗಿನಲ್ಲಿ 550 ಹಂದಿಗಳನ್ನು ಊರಿಗೆ ಕಳಿಸಿದರು. ಪರದೇಶದಲ್ಲಿ ಕೂತು ಊರಿನ ಅಡುಗೆಮನೆಯ ಬಗ್ಗೆ ಯೋಚಿಸುವುದು ಏನು ಅಂತ ನನಗೆ ಗೊತ್ತು. ಮಾಂಸ ತಿನ್ನದ ನಾನೂ ಈ ಕಥೆಯನ್ನು ಗೌರವದಿಂದ ಓದಿದೆ.

ಹಂದಿಮಾಂಸ ಬಿಟ್ಟರೆ ಟೋಫು ಆ ಜಾಗ ತುಂಬುತ್ತದೆ. ಕಷ್ಟ ಇರುವುದು ಮೇಲೆ ಉದುರಿಸುವ ಕಟ್ಸುಓಬುಶಿಯದ್ದು, ಅಂದ್ರೆ ಹೊಗೆಯಲ್ಲಿ ಒಣಗಿಸಿದ ಮೀನಿನ ತೆಳು ಚಕ್ಕೆ. ಅದು ಕೊಡುವ ಆಳದ ರುಚಿಯನ್ನು ಬರೀ ಸೋಯಾ ಸಾಸ್ ಕೊಡುವುದಿಲ್ಲ. ನಾನು ಹಿಂದಿನ ರಾತ್ರಿಯೇ ಕೊಂಬು ಅನ್ನುವ ಸಮುದ್ರದ ದಪ್ಪ ಪಾಚಿಯ ಬೆರಳುದ್ದದ ತುಂಡು ಮತ್ತು ಎರಡು ಒಣ ಶಿಟಾಕೆ ಅಣಬೆಯನ್ನು ಒಂದು ಲೋಟ ನೀರಲ್ಲಿ ನೆನೆಸಿ, ಬೆಳಿಗ್ಗೆ ಆ ನೀರನ್ನು ಮೂರು ಚಮಚ ಆಗುವವರೆಗೆ ಕುದಿಸಿ ಇಳಿಸುತ್ತೇನೆ. ಕೊಂಬು ಬೆಳೆಯುವುದು ಉತ್ತರದ ತಣ್ಣೀರಿನ ಹೊಕ್ಕೈಡೊದಲ್ಲಿ. ಒಕಿನಾವಾದಲ್ಲಿ ಅದು ಬೆಳೆಯುವುದಿಲ್ಲ. ಆದರೂ ಅಲ್ಲಿನ ಅಡುಗೆಯಲ್ಲಿ ಅದು ನೂರಾರು ವರ್ಷದಿಂದ ಇದೆ, ಯಾಕೆಂದರೆ ಹೊಕ್ಕೈಡೊದ ಕೊಂಬು ಚೀನಾಕ್ಕೆ ಹೋಗುತ್ತಿದ್ದ ವ್ಯಾಪಾರದ ದಾರಿಯಲ್ಲಿ ರ್ಯೂಕ್ಯೂ ಇತ್ತು. ಹಾಗಾಗಿ ನಾನು ಮೀನಿನ ಬದಲು ಕೊಂಬು ಹಾಕಿದ್ದು ಹೊರಗಿನದನ್ನು ತಂದು ತುರುಕಿದ ಹಾಗಲ್ಲ, ಅಂತ ನನ್ನ ನಂಬಿಕೆ.

ಎಲ್ಲ ಸಿದ್ಧವಾದ ಮೇಲೆ ಕೆಲಸ ಏಳೆಂಟು ನಿಮಿಷದ್ದು. ಒಂದು ಗೋಯಾಕ್ಕೆ 300 ಗ್ರಾಂ ಟೋಫು, ಎರಡು ಮೊಟ್ಟೆ. ಬಾಣಲೆ ಚೆನ್ನಾಗಿ ಕಾಯಲಿ, ಎರಡು ಚಮಚ ಎಣ್ಣೆ, ಕೈಯಲ್ಲಿ ಮುರಿದ ಟೋಫು. ಮೂರು ಕಡೆಯಾದರೂ ಕೆಂಪಗಾಗಲಿ, ತೆಗೆದಿಡಿ. ಅದೇ ಬಾಣಲೆಗೆ ಇನ್ನೊಂದು ಚಮಚ ಎಣ್ಣೆ, ಹಾಗಲ, ದೊಡ್ಡ ಉರಿ. ಹಸಿರು ಒಮ್ಮೆ ಗಾಢವಾಗಿ ಹೊಳೆಯುತ್ತದೆ, ಅಂಚು ಸ್ವಲ್ಪ ಸುಡುತ್ತದೆ. ಆ ಹೊಳಪು ಮಾಸುವ ಮುಂಚೆ ಟೋಫು ವಾಪಸ್ ಹಾಕಿ, ಕೊಂಬು ನೀರು ಸುರಿದು, ಅದು ಇಂಗುವವರೆಗೆ ಬಾಣಲೆ ಎತ್ತಿ ತಿರುವಿ. ಟೋಫುವಿನ ಒರಟು ಮೈ ಆ ನೀರನ್ನೆಲ್ಲ ಕುಡಿಯುತ್ತದೆ. ಚಾಕುವಿನಲ್ಲಿ ಕತ್ತರಿಸಿದ ನುಣುಪು ಚೌಕಗಳಾದರೆ ನೀರು ಜಾರಿ ಬಾಣಲೆಯ ತಳಕ್ಕೇ ಹೋಗುತ್ತದೆ. ಮೊಟ್ಟೆಯನ್ನು ಪೂರ್ತಿ ಕದಡಬೇಡಿ, ಹಳದಿ ಬಿಳಿ ಅಲ್ಲಲ್ಲಿ ಬೇರೆಯಾಗಿಯೇ ಕಾಣುತ್ತಿರಲಿ. ಸುತ್ತ ಸುರಿದು, ಹತ್ತು ಎಣಿಸುವವರೆಗೆ ಸುಮ್ನೆ ಬಿಟ್ಟು, ಒಂದೆರಡು ಸಲ ಮಗುಚಿ. ಸೋಯಾ ಸಾಸ್ ಒಂದು ಟೀ ಚಮಚ ಬಾಣಲೆಯ ಅಂಚಿಗೆ ಬಿಡಿ. ಕಾದ ಕಬ್ಬಿಣಕ್ಕೆ ತಾಗಿ ಅದು ಸೊರ್ ಅಂದಾಗ ಬರುವ ಘಮವೇ ಬೇರೆ. ಉರಿ ಆರಿಸಿ. ಮೊಟ್ಟೆ ಇನ್ನೂ ಒದ್ದೆ ಅನ್ನಿಸುವಾಗಲೇ ತಟ್ಟೆಗೆ ಬರಬೇಕು.

ಬೆಂಗಳೂರು, ಮೈಸೂರಿನಲ್ಲಿ ಮಾಡುವವರಿಗೆ ಒಂದು ಸಂತೋಷದ ವಿಷಯ. ಅಲ್ಲಿ ಪ್ಯಾಕೆಟ್‌ನಲ್ಲಿ ಸಿಗುವ ಟೋಫು ಸಾಮಾನ್ಯವಾಗಿ ಜಪಾನಿನ ಮೊಮೆನ್‌ಗಿಂತ ಗಟ್ಟಿ, ಶಿಮಾ ದೋಫುಗೆ ಇನ್ನೂ ಹತ್ತಿರ. ಭಾರ ಹೇರುವ ಕೆಲಸ ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಹುಳಿ ವಾಸನೆ ಇದ್ದರೆ ಟೋಫು ಕೆಟ್ಟಿರಬಹುದು, ಬಳಸಬೇಡಿ. ಪನೀರ್ ಹಾಕಬಹುದಾ ಅಂತ ಕೇಳುತ್ತಾರೆ. ಬೇಡ. ಪನೀರ್ ರಸ ಹೀರುವುದಿಲ್ಲ, ಹಾಲಿನ ಸಿಹಿ ಬೇರೆ ಎದ್ದು ಬರುತ್ತದೆ. ಹಾಗಲದಲ್ಲಿ ತಿಳಿ ಹಸಿರಿನ, ದಪ್ಪ, ಎಳೆಯ ಕಾಯಿ ಆರಿಸಿಕೊಳ್ಳಿ. ಕಪ್ಪು ಹಸಿರಿನ ಸಣ್ಣ ಚೂಪು ಕಾಯಿ ಗೊಜ್ಜಿಗಿರಲಿ. ಕೊಂಬು ಸಿಗದಿದ್ದರೆ ಒಣ ಅಣಬೆಯ ನೀರೊಂದೇ ಸಾಕು. ಒಗ್ಗರಣೆ, ಅರಿಶಿನ, ಖಾರದ ಪುಡಿ ಮೊದಲ ಸಲ ಬೇಡ, ಒಮ್ಮೆ ಹಾಗೇ ತಿಂದು ನೋಡಿ.

ನಮ್ಮ ಮನೆಯಲ್ಲಿ ಇದನ್ನು ಬಿಸಿ ಅನ್ನ, ತಿಳಿಸಾರಿನ ಜೊತೆ ತಿನ್ನುತ್ತೇವೆ. ಮಗ ಮೊದಮೊದಲು ಟೋಫು, ಮೊಟ್ಟೆ ಮಾತ್ರ ಆರಿಸಿಕೊಂಡು ತಿನ್ನುತ್ತಿದ್ದ, ನಾವೂ ಒತ್ತಾಯ ಮಾಡಲಿಲ್ಲ. ಈಗ ಒಂದೊಂದು ಹೋಳು ಹಾಗಲ ಅವನ ತಟ್ಟೆಗೆ ತಾನಾಗಿ ಬರುತ್ತಿದೆ. ಉಳಿದರೆ ಮಾರನೇ ದಿನ ಡಬ್ಬಿಗೆ ಹಾಕಿಕೊಂಡು ಹೋಗುತ್ತೇನೆ. ರಾತ್ರಿಯೆಲ್ಲ ಫ್ರಿಜ್‌ನಲ್ಲಿ ಕೂತ ಟೋಫು ಇನ್ನಷ್ಟು ರಸ ಎಳೆದುಕೊಂಡಿರುತ್ತದೆ, ಹಾಗಾಗಿ ಸೋಯಾ ಸಾಸ್ ಹಾಕುವಾಗಲೇ ಕೈ ಸ್ವಲ್ಪ ಹಿಡಿದಿರಬೇಕು, ಇಲ್ಲವಾದರೆ ಮಧ್ಯಾಹ್ನದ ಹೊತ್ತಿಗೆ ಉಪ್ಪು ಮುಂದಾಗುತ್ತದೆ.